ಸ್ವೀಡಿಷ್–ಜರ್ಮನ್ ಅನುವಾದ ಮತ್ತು ದುಭಾಷಿ ಕೆಲಸ: ಮುದ್ರೆ ಯಾರದು, ಲೆಕ್ಕ ಹೇಗೆ, ಎಡವುವುದು ಎಲ್ಲಿ?

ಎರಡುನುಡಿ:

ಸ್ವೀಡಿಷ್–ಜರ್ಮನ್ ಜೋಡಿಯಲ್ಲಿ ವೃತ್ತಿಯಾಗಿ ಕೆಲಸ ಮಾಡುವವರು ಇಲ್ಲಿ ಕೆಲವರಿದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಎರಡೂ ಭಾಷೆ ಚೆನ್ನಾಗಿ ಬರುತ್ತವೆ. ಇದುವರೆಗೆ ಕಂಪನಿಯೊಳಗಿನ ಪತ್ರ, ವರದಿ ಇಷ್ಟನ್ನೇ ಅನುವಾದಿಸಿದ್ದು. ಇನ್ನು ಮುಂದೆ ಸ್ವತಂತ್ರವಾಗಿ ಮಾಡುವ ಯೋಚನೆ ಇದೆ.

ಜನನ ಪತ್ರ, ವಿವಾಹ ಪತ್ರ, ಅಂಕಪಟ್ಟಿಗಳಿಗೆ ದೃಢೀಕೃತ ಅನುವಾದ ಕೇಳುತ್ತಾರಲ್ಲ, ಅದಕ್ಕೆ ಸ್ವೀಡನ್ನಿನ ಮಾನ್ಯತೆ ಬೇಕೋ ಜರ್ಮನಿಯದೋ? ಒಂದು ಕಡೆಯದು ಇನ್ನೊಂದು ಕಡೆ ನಡೆಯುತ್ತದೆಯೇ? ಇನ್ನು ದರದ ವಿಚಾರ: ಸ್ವೀಡನ್ನಿನ ಏಜೆನ್ಸಿಗಳು ಪದಕ್ಕೆ ಇಷ್ಟು ಎನ್ನುತ್ತವೆ, ಜರ್ಮನಿಯವು ಸಾಲಿಗೆ ಇಷ್ಟು ಎನ್ನುತ್ತವೆ. ಎರಡನ್ನೂ ಹೋಲಿಸುವುದು ಹೇಗೆ? ಯಂತ್ರಗಳ ಕೈಪಿಡಿ ಮತ್ತು ಕೋರ್ಟಿನ ದುಭಾಷಿ ಕೆಲಸ, ಇವೆರಡರ ಬಗ್ಗೆಯೂ ಗೊತ್ತಿರುವವರು ಹೇಳಿ. ಅಕ್ಕಪಕ್ಕದ ಭಾಷೆಗಳು, ಕೆಲಸ ಸಲೀಸು ಅಂತ ಎಲ್ಲರೂ ಹೇಳುತ್ತಾರೆ. ನಿಜವಾ?

ಮುದ್ರೆಗಂಟು:

ಮೊದಲ ಪ್ರಶ್ನೆಗೆ ನಾನು ಹೇಳುತ್ತೇನೆ, ಉಳಿದದ್ದಕ್ಕೆ ಬೇರೆಯವರು ಬರಲಿ.

ಸ್ವೀಡನ್ನಿನಲ್ಲಿ ಇಡೀ ದೇಶಕ್ಕೆ ಒಂದೇ ಕಚೇರಿ: ಕಮ್ಮರ್‌ಕೊಲ್ಲೇಗಿಯೆಟ್. ಪರೀಕ್ಷೆ ನಡೆಸುವುದೂ ಮಾನ್ಯತೆ ಕೊಡುವುದೂ ಅದೇ. ಇಲ್ಲಿ ಹೊಸಬರು ಗಮನಿಸದೇ ಹೋಗುವುದು ಏನೆಂದರೆ, ಮಾನ್ಯತೆ ಒಂದು ದಿಕ್ಕಿಗೆ ಮಾತ್ರ. ಜರ್ಮನ್‌ನಿಂದ ಸ್ವೀಡಿಷ್‌ಗೆ ಪಾಸಾದವರು ಸ್ವೀಡಿಷ್‌ನಿಂದ ಜರ್ಮನ್‌ಗೆ ಮುದ್ರೆ ಒತ್ತುವಂತಿಲ್ಲ. ಅದಕ್ಕೆ ಬೇರೆ ಪರೀಕ್ಷೆ, ಬೇರೆ ಮುದ್ರೆ. ಮಾನ್ಯತೆಯ ಅವಧಿ 5 ವರ್ಷ, ಆಮೇಲೆ ನವೀಕರಿಸಬೇಕು. ಪರೀಕ್ಷೆ ಕಠಿಣ. ನಿಘಂಟಿನ ಜ್ಞಾನಕ್ಕಿಂತ ಕಾನೂನು, ಹಣಕಾಸಿನ ಪಠ್ಯವನ್ನು ಆಯಾ ದೇಶದ ಕಚೇರಿ ಭಾಷೆಯಲ್ಲೇ ಬರೆಯಬಲ್ಲಿರಾ ಎಂದು ನೋಡುತ್ತಾರೆ. ಅರ್ಜಿ ಹಾಕುವ ಮುಂಚೆ ಆ ವರ್ಷದ ಭಾಷಾಪಟ್ಟಿ ನೋಡಿಕೊಳ್ಳಿ.

ಜರ್ಮನಿಯಲ್ಲಿ ಇದು ರಾಜ್ಯಗಳ ವಿಷಯ. ಪರೀಕ್ಷೆ ಬೇರೆ, ಪ್ರಮಾಣವಚನ ಬೇರೆ. ರಾಜ್ಯ ಮಟ್ಟದ ಪರೀಕ್ಷೆಯನ್ನೋ ಅದಕ್ಕೆ ಸಮಾನವೆಂದು ಒಪ್ಪಿದ ಪದವಿಯನ್ನೋ ತೋರಿಸಿ, ಆಮೇಲೆ ಕೋರ್ಟಿನ ಮುಂದೆ ಪ್ರಮಾಣ ಸ್ವೀಕರಿಸಬೇಕು. ಹೆಸರೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಾರ್ಡ್‌ರೈನ್–ವೆಸ್ಟ್‌ಫಾಲೆನ್‌ನಲ್ಲಿ ಅನುವಾದಕರು ‘ಎರ್‌ಮೆಖ್ಟಿಗ್ಟ್’, ಬವೇರಿಯಾದಲ್ಲಿ ‘ಓಫೆಂಟ್ಲಿಖ್ ಬೆಷ್ಟೆಲ್ಟ್’. ಕೆಲಸ ಮಾತ್ರ ಒಂದೇ. ಕೋರ್ಟ್ ದುಭಾಷಿಗಳಿಗೆ 2023ರ ಜನವರಿ 1ರಿಂದ ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆ ಬಂದಿದೆ, ಅದರಡಿ ಪ್ರಮಾಣವಚನದ ಅವಧಿ 5 ವರ್ಷ. ಅದು ದುಭಾಷಿಗಳಿಗೆ ಮಾತ್ರ, ಬರೆಯುವ ಅನುವಾದಕರು ಈಗಲೂ ರಾಜ್ಯ ಕಾನೂನಿನಡಿಯೇ ಇದ್ದಾರೆ. ಬರಿಯ ‘ಅನುವಾದಕ’ ಎಂಬ ಹೆಸರಿಗೆ ಜರ್ಮನಿಯಲ್ಲಿ ಯಾವ ರಕ್ಷಣೆಯೂ ಇಲ್ಲ, ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು. ಸ್ವೀಡನ್ನಿನಲ್ಲಿ ‘ಆಕ್ಟೋರಿಸೇರಾದ್ ಟ್ರಾನ್ಸ್‌ಲಾಟೋರ್’ ಎಂದು ಬರೆದುಕೊಳ್ಳುವ ಹಕ್ಕು ಮಾನ್ಯತೆ ಪಡೆದವರಿಗಷ್ಟೇ.

ಒಂದು ಕಡೆಯದು ಇನ್ನೊಂದು ಕಡೆ ನಡೆಯುತ್ತದೆಯೇ? ಅದು ಯಾವ ಕಾಗದ ಎನ್ನುವುದರ ಮೇಲೆ ನಿಂತಿದೆ. ಯುರೋಪಿಯನ್ ಒಕ್ಕೂಟದ 2016/1191 ನಿಯಮ 2019ರ ಫೆಬ್ರುವರಿ 16ರಿಂದ ಜಾರಿಯಲ್ಲಿದೆ. ಜನನ, ಮರಣ, ಮದುವೆ, ವಿಚ್ಛೇದನ, ಹೆಸರು, ವಾಸಸ್ಥಳ, ಪೌರತ್ವ, ಅಪರಾಧ ದಾಖಲೆ ಇಲ್ಲ ಎಂಬ ಪತ್ರ, ಇಂಥ ಸಾರ್ವಜನಿಕ ದಾಖಲೆಗಳಿಗೆ ಒಂದು ಸದಸ್ಯ ದೇಶದಲ್ಲಿ ಅರ್ಹರಾದವರು ಮಾಡಿದ ದೃಢೀಕೃತ ಅನುವಾದವನ್ನು ಎಲ್ಲ ಸದಸ್ಯ ದೇಶಗಳೂ ಒಪ್ಪಬೇಕು. ಅಪೊಸ್ಟಿಲ್ (ಬೇರೆ ದೇಶದಲ್ಲಿ ಬಳಸಲು, ದಾಖಲೆಯ ಸಹಿ–ಮುದ್ರೆ ಅಸಲಿ ಎಂದು ಕೊಡುವ ದೃಢೀಕರಣ) ಕೂಡ ಬೇಕಿಲ್ಲ. ಅಷ್ಟೇ ಅಲ್ಲ, ದಾಖಲೆ ಕೊಡುವ ಕಚೇರಿಯಿಂದ ಬಹುಭಾಷಾ ನಮೂನೆಯೊಂದನ್ನು ಜೊತೆಗೆ ಪಡೆದರೆ ಎಷ್ಟೋ ಸಲ ಅನುವಾದವೇ ಬೇಡ. ಸ್ವೀಡನ್ನಿನ ತೆರಿಗೆ ಇಲಾಖೆ ‘ಪರ್ಶೂನ್‌ಬೆವೀಸ್’ (ಜನಸಂಖ್ಯಾ ನೋಂದಣಿಯ ಪ್ರಮಾಣಪತ್ರ) ಜೊತೆ ಆ ನಮೂನೆ ಕೊಡುತ್ತದೆ. ಗ್ರಾಹಕರಿಗೆ ಇದನ್ನು ಮೊದಲೇ ಹೇಳಿಬಿಡಿ. ಒಂದು ಸಣ್ಣ ಕೆಲಸ ಕೈತಪ್ಪಬಹುದು, ಆದರೆ ಅವರೇ ಮುಂದೆ ಆಸ್ತಿ ಪತ್ರ ಹಿಡಿದುಕೊಂಡು ಬರುತ್ತಾರೆ. ಪದವಿ ಪತ್ರ, ಮುಖ್ತಾರ್‌ನಾಮೆ, ಒಪ್ಪಂದ ಇವು ಆ ನಿಯಮದೊಳಗೆ ಬರುವುದಿಲ್ಲ. ಅಲ್ಲಿ ಸ್ವೀಕರಿಸುವ ಕಚೇರಿ ಏನು ಕೇಳುತ್ತದೋ ಅದೇ ನಿಯಮ, ಕೆಲಸ ಹಿಡಿಯುವ ಮುಂಚೆ ಗ್ರಾಹಕರಿಂದ ಬರಹದಲ್ಲಿ ಕೇಳಿಸಿಕೊಳ್ಳಿ.

ಇನ್ನು ರೂಪ. ದೃಢೀಕೃತ ಅನುವಾದದಲ್ಲಿ ಕಾಗದದ ಮೇಲಿರುವುದೆಲ್ಲ ಬರಬೇಕು: ದುಂಡು ಮುದ್ರೆ, ಅದರೊಳಗಿನ ಬರಹ, ಸಹಿ, ಕೈಬರಹದ ತಿದ್ದುಪಡಿ, ಹಿಂಬದಿಯ ಟಿಪ್ಪಣಿ. ಓದಲಾಗದ್ದನ್ನು ಊಹಿಸದೆ ಚೌಕ ಕಂಸದಲ್ಲಿ ‘ಓದಲಾಗದು’ ಎಂದು ಬರೆಯಿರಿ. ಖಾಲಿ ಬಿಟ್ಟ ಅಂಕಣವನ್ನೂ ಖಾಲಿ ಎಂದು ತೋರಿಸಿ, ಇಲ್ಲದಿದ್ದರೆ ನೀವು ಬಿಟ್ಟಿರೋ ಮೂಲದಲ್ಲೇ ಇರಲಿಲ್ಲವೋ ಎಂದು ಗುಮಾಸ್ತರಿಗೆ ಅನುಮಾನ ಬರುತ್ತದೆ. ದೃಢೀಕರಣದ ವಾಕ್ಯದಲ್ಲಿ ನಿಮ್ಮ ಮುಂದೆ ಇದ್ದದ್ದು ಮೂಲವೋ, ದೃಢೀಕೃತ ಪ್ರತಿಯೋ, ಸ್ಕ್ಯಾನೋ ಎಂದು ಬರೆಯಲೇಬೇಕು. ಜರ್ಮನಿಯಲ್ಲಿ ಅನುವಾದ ಸರಿಯಾಗಿದೆ, ಪೂರ್ಣವಾಗಿದೆ ಎಂಬ ಎರಡೂ ಮಾತು ಅದರಲ್ಲಿರಬೇಕು.

ಹೆಸರಿನ ಕಾಗುಣಿತ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ಪಾಸ್‌ಪೋರ್ಟಿನ ಕೆಳಗಿನ ಯಂತ್ರ ಓದುವ ಸಾಲಿನಲ್ಲಿ ಸ್ವೀಡಿಷ್‌ನ ತಲೆಯ ಮೇಲೆ ಉಂಗುರವಿರುವ ‘ಎ’ ಅಕ್ಷರ (ಉಚ್ಚಾರ ‘ಓ’) ಎರಡು ‘ಎ’ ಆಗಿರುತ್ತದೆ. ಆ ರೂಪವನ್ನು ಅನುವಾದದೊಳಗೆ ತಂದರೆ ಒಬ್ಬ ಮನುಷ್ಯನಿಗೆ ಎರಡು ಹೆಸರಾದಂತೆ.

ಅಂಕಪಟ್ಟಿಯಲ್ಲಿ ಅಂಕಗಳನ್ನು ಪರಿವರ್ತಿಸಬೇಡಿ. ಸ್ವೀಡನ್ನಿನ ಶಾಲೆಗಳಲ್ಲಿ ‘ಎ’ಯಿಂದ ‘ಎಫ್’, ಜರ್ಮನಿಯಲ್ಲಿ 1ರಿಂದ 6, ಅದರಲ್ಲಿ 1 ಉತ್ತಮ. ‘ಬಿ’ ಇದ್ದಲ್ಲಿ 2 ಎಂದು ಬರೆದರೆ ಅದು ಅನುವಾದವಲ್ಲ, ಮೌಲ್ಯಮಾಪನ. ಅದನ್ನು ಮಾಡಲು ಬೇರೆ ಕಚೇರಿ ಇದೆ.

ಸಾಲುಲೆಕ್ಕ:

ದರದ ಬಗ್ಗೆ. ಜರ್ಮನಿಯ ‘ನಾರ್ಮ್‌ತ್ಸೈಲೆ’ (ಪ್ರಮಾಣಿತ ಸಾಲು) ಅಂದರೆ ಖಾಲಿ ಜಾಗವೂ ಸೇರಿ 55 ಅಕ್ಷರ. ಕೋರ್ಟು, ಪೊಲೀಸರಿಗೆ ಮಾಡುವ ಕೆಲಸಕ್ಕೆ ಇದನ್ನು ಶುಲ್ಕ ಕಾಯ್ದೆಯೇ ಹೇಳುತ್ತದೆ, ಅಲ್ಲಿ ಎಣಿಸುವುದು ಅನುವಾದವಾಗಿ ಬಂದ ಪಠ್ಯವನ್ನು. ಸ್ವೀಡನ್ನಿನ ಏಜೆನ್ಸಿ ಸಾಮಾನ್ಯವಾಗಿ ಮೂಲದ ಪದಗಳನ್ನು ಎಣಿಸುತ್ತದೆ. ಹೀಗಾಗಿ ಹೋಲಿಸುವಾಗ ಎರಡು ಹೆಜ್ಜೆ: ಪದದಿಂದ ಅಕ್ಷರಕ್ಕೆ, ಮೂಲದಿಂದ ಅನುವಾದಕ್ಕೆ.

ಒಂದು ಲೆಕ್ಕ ಹಾಕೋಣ. 2000 ಪದಗಳ ಸ್ವೀಡಿಷ್ ಪಠ್ಯ, ಖಾಲಿ ಜಾಗ ಸೇರಿ 13,000 ಅಕ್ಷರ ಅಂದುಕೊಳ್ಳಿ. 55ರಿಂದ ಭಾಗಿಸಿದರೆ ಸುಮಾರು 236 ಸಾಲು. ಜರ್ಮನ್‌ಗೆ ಹೋದಾಗ ಪಠ್ಯ ಉದ್ದವಾಗುತ್ತದೆ. ಸ್ವೀಡಿಷ್‌ನಲ್ಲಿ ನಾಮಪದದ ಬಾಲಕ್ಕೆ ಅಂಟಿಕೊಳ್ಳುವ ನಿರ್ದೇಶಕ ಪ್ರತ್ಯಯ ಜರ್ಮನ್‌ನಲ್ಲಿ ಬೇರೆ ಪದವಾಗಿ ಮುಂದೆ ಬರುತ್ತದೆ, ವಿಶೇಷಣಗಳಿಗೆ ವಿಭಕ್ತಿ ಸೇರುತ್ತದೆ. ಶೇಕಡಾ 15 ಹಿಗ್ಗಿತು ಎಂದರೆ 14,950 ಅಕ್ಷರ, 272 ಸಾಲು. ಸಾಲಿಗೆ 1.20 ಯೂರೊ ಎಂಬ ದರವನ್ನು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ: ಮೂಲದ ಮೇಲೆ ಎಣಿಸಿದರೆ 283, ಅನುವಾದದ ಮೇಲೆ ಎಣಿಸಿದರೆ 326. ಒಂದೇ ದರ, ಒಂದೇ ಕೆಲಸ, 43 ಯೂರೊ ವ್ಯತ್ಯಾಸ. ಪದಕ್ಕೆ ಇಳಿಸಿದರೆ 14 ಸೆಂಟ್ ಎಲ್ಲಿ, 16 ಸೆಂಟ್ ಎಲ್ಲಿ! ಜರ್ಮನ್‌ನಿಂದ ಸ್ವೀಡಿಷ್‌ಗೆ ಬರುವಾಗ ಇದು ಉಲ್ಟಾ ಹೊಡೆಯುತ್ತದೆ, ಆಗ ಮೂಲದ ಮೇಲೆ ಎಣಿಸುವುದೇ ನಿಮಗೆ ಲಾಭ. ಆದ್ದರಿಂದ ದರಪಟ್ಟಿಯಲ್ಲಿ ‘ಸಾಲಿಗೆ’ ಎಂದಷ್ಟೇ ಬರೆದು ಸುಮ್ಮನಾಗಬೇಡಿ, ಯಾವ ಪಠ್ಯದ ಸಾಲು ಅಂತ ಬರೆಯಿರಿ.

ವರ್ಡ್‌ನ ಎಣಿಕೆಯನ್ನು ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಪಠ್ಯಪೆಟ್ಟಿಗೆ, ಅಡಿಟಿಪ್ಪಣಿ ಸೇರಬೇಕಾದರೆ ಎಣಿಕೆ ಕಿಟಕಿಯ ಕೆಳಗಿನ ಚೌಕಕ್ಕೆ ಗುರುತು ಹಾಕಿರಬೇಕು. ಪುಟದ ತಲೆಬರಹ, ಅಡಿಬರಹ ಅದರಲ್ಲೂ ಸೇರುವುದಿಲ್ಲ. ಚಿತ್ರದೊಳಗಿನ ಅಕ್ಷರಗಳಂತೂ ಇಲ್ಲವೇ ಇಲ್ಲ.

ವ್ಯಾಟ್: ಸ್ವೀಡನ್ನಿನಲ್ಲಿ ಶೇ 25, ಜರ್ಮನಿಯಲ್ಲಿ ಶೇ 19. ಆದರೆ ಸ್ವೀಡನ್ನಿನಲ್ಲಿರುವ ನೀವು ಜರ್ಮನಿಯ ಕಂಪನಿಗೆ ಬಿಲ್ ಮಾಡಿದರೆ ವ್ಯಾಟ್ ಹಾಕುವುದಿಲ್ಲ, ತೆರಿಗೆಯ ಹೊಣೆ ಗ್ರಾಹಕರಿಗೆ ತಿರುಗುತ್ತದೆ. ಬಿಲ್ಲಿನಲ್ಲಿ ಇಬ್ಬರ ವ್ಯಾಟ್ ಸಂಖ್ಯೆಯೂ ಇರಬೇಕು, ಹೊಣೆ ತಿರುಗಿದೆ ಎಂಬ ವಾಕ್ಯವೂ ಇರಬೇಕು. ಗ್ರಾಹಕರ ಸಂಖ್ಯೆಯನ್ನು ಒಕ್ಕೂಟದ ‘ವೀಸ್’ ತಾಣದಲ್ಲಿ ಪರಿಶೀಲಿಸಿ, ಆ ದಿನದ ಫಲಿತಾಂಶವನ್ನು ಉಳಿಸಿಟ್ಟುಕೊಳ್ಳಿ. ಆಮೇಲೆ ಬೇರೆ ದೇಶದ ಮಾರಾಟದ ಪಟ್ಟಿಯನ್ನು ನಿಮ್ಮ ತೆರಿಗೆ ಇಲಾಖೆಗೆ ಪ್ರತ್ಯೇಕವಾಗಿ ಸಲ್ಲಿಸಬೇಕು, ಬಹಳ ಜನ ಮರೆಯುವುದು ಇದನ್ನೇ. ಖಾಸಗಿ ವ್ಯಕ್ತಿಗೆ ಮಾಡಿದ ಕೆಲಸವಾದರೆ ನಿಮ್ಮ ದೇಶದ ವ್ಯಾಟ್ ಹಾಕಲೇಬೇಕು. ಜನನ ಪತ್ರ ತರುವವರೆಲ್ಲ ಖಾಸಗಿಯವರೇ, ದರ ಹೇಳುವಾಗ ಅದನ್ನೂ ಸೇರಿಸಿಯೇ ಹೇಳಿ.

ಕಿಟಕಿಸೀಟು:

ಮುದ್ರೆಗಂಟು ಅವರೇ, ಆಸ್ತಿ ಪತ್ರ ಅಂದಿರಲ್ಲ. ಸ್ವೀಡನ್ನಿನ ‘ಬೂಸ್ತಾಡ್ಸ್‌ರೆತ್’ ಮನೆಗಳಿಗೆ ಜರ್ಮನ್‌ನಲ್ಲಿ ‘ಐಗನ್‌ಟುಮ್ಸ್‌ವೋನುಂಗ್’ ಎಂದೇ ಎಲ್ಲರೂ ಬರೆಯುವುದು. ಎರಡೂ ದುಡ್ಡು ಕೊಟ್ಟು ಕೊಂಡ ಫ್ಲಾಟೇ ತಾನೆ, ಬ್ಯಾಂಕಿಗೂ ಅರ್ಥವಾಗುತ್ತದೆ. ಇದರಲ್ಲೇನು ತಪ್ಪು?

ಮುದ್ರೆಗಂಟು:

ಜಾಹೀರಾತಿನಲ್ಲಾದರೆ ತಪ್ಪಿಲ್ಲ. ಸಾಲದ ಕಡತದಲ್ಲಿ, ಆಸ್ತಿ ಪಾಲಿನಲ್ಲಿ ತಪ್ಪು. ಬೂಸ್ತಾಡ್ಸ್‌ರೆತ್‌ನಲ್ಲಿ ಕಟ್ಟಡ ಇರುವುದು ಸಂಘದ ಹೆಸರಿನಲ್ಲಿ. ನಿಮಗಿರುವುದು ಸಂಘದ ಸದಸ್ಯತ್ವ ಮತ್ತು ಅದರ ಜೊತೆಗೆ ಆ ಫ್ಲಾಟನ್ನು ಬಳಸುವ ಹಕ್ಕು. ಜರ್ಮನ್ ಪದ ಹೇಳುವುದು ಭೂ ದಾಖಲೆಯಲ್ಲಿ ನಿಮ್ಮ ಹೆಸರಲ್ಲೇ ನಮೂದಾಗುವ ನೇರ ಒಡೆತನವನ್ನು. ಜರ್ಮನಿಯ ಬ್ಯಾಂಕಿನವರು ಆ ಪದ ನೋಡಿದ ಕೂಡಲೇ ಭೂ ದಾಖಲೆಯ ನಕಲು ಕೇಳುತ್ತಾರೆ, ಅಂಥದ್ದು ಈ ಮನೆಗೆ ಇರುವುದೇ ಇಲ್ಲ. ಸ್ವೀಡಿಷ್ ಪದವನ್ನು ಹಾಗೇ ಇಟ್ಟು, ಮೊದಲ ಸಲ ಬಂದಾಗ ಪಕ್ಕದಲ್ಲಿ ಜರ್ಮನ್‌ನಲ್ಲಿ ಅರ್ಧ ಸಾಲಿನ ವಿವರಣೆ ಕೊಟ್ಟು, ಆಮೇಲೆ ಸ್ವೀಡಿಷ್ ಪದವನ್ನೇ ಬಳಸಿ.

‘ಬೂಪ್‌ಟೆಕ್ನಿಂಗ್’ ಕಥೆಯೂ ಇದೇ. ಯಾರಾದರೂ ತೀರಿಕೊಂಡರೆ 3 ತಿಂಗಳೊಳಗೆ ಆಸ್ತಿ–ಸಾಲದ ಪಟ್ಟಿ ಮಾಡಿ, ಆಮೇಲೆ ಒಂದು ತಿಂಗಳೊಳಗೆ ತೆರಿಗೆ ಇಲಾಖೆಗೆ ಕೊಡುವ ದಾಖಲೆ ಅದು. ವಾರಸುದಾರರ ಹೆಸರೂ ಅದರಲ್ಲೇ ಇರುವುದರಿಂದ ಸ್ವೀಡನ್ನಿನ ಬ್ಯಾಂಕುಗಳಿಗೆ ಅದು ಸಾಕು. ಹಾಗೆಂದು ಜರ್ಮನ್‌ನಲ್ಲಿ ‘ಎರ್ಬ್‌ಷೈನ್’ ಎಂದು ಬರೆದರೆ ಕೆಟ್ಟಿತು. ಅದು ಕೋರ್ಟು ಕೊಡುವ ವಾರಸುದಾರಿಕೆ ಪತ್ರ, ಅದನ್ನು ನಂಬಿ ವ್ಯವಹರಿಸಿದವರಿಗೆ ಕಾನೂನಿನ ರಕ್ಷಣೆ ಇರುತ್ತದೆ. ಸ್ವೀಡಿಷ್ ಪಟ್ಟಿಗೆ ಆ ಬಲ ಇಲ್ಲ. ಪಟ್ಟಿಯನ್ನು ಪಟ್ಟಿ ಎಂದೇ ಅನುವಾದಿಸಿ. ಜರ್ಮನಿಯಲ್ಲಿ ಆಸ್ತಿ ಇರುವ ಗ್ರಾಹಕರಿಗೆ ಯುರೋಪಿಯನ್ ವಾರಸುದಾರಿಕೆ ಪ್ರಮಾಣಪತ್ರ ಎಂಬುದೊಂದಿದೆ ಎಂದು ತಿಳಿಸಿ, 2015ರ ಆಗಸ್ಟ್ 17ರಂದು ಮತ್ತು ಅದರ ನಂತರ ತೀರಿಕೊಂಡವರಿಗೆ ಅದು ಸಿಗುತ್ತದೆ.

ಅದೇ ಪಟ್ಟಿಯಲ್ಲಿ ಸಂಬಂಧಗಳನ್ನೂ ನೋಡಿಕೊಳ್ಳಿ. ಸ್ವೀಡಿಷ್‌ನಲ್ಲಿ ತಾಯಿಯ ತಂದೆ ‘ಮೂರ್‌ಫಾರ್’, ತಂದೆಯ ತಂದೆ ‘ಫಾರ್‌ಫಾರ್’. ಜರ್ಮನ್‌ನಲ್ಲಿ ಇಬ್ಬರೂ ಒಂದೇ ಪದದಲ್ಲಿ ಮುಗಿದುಹೋಗುತ್ತಾರೆ. ಪಾಲು ಯಾವ ಕಡೆಯಿಂದ ಬಂತು ಎಂಬುದೇ ಮುಖ್ಯವಾದ ಕಾಗದದಲ್ಲಿ ‘ತಾಯಿಯ ಕಡೆಯ’ ಎಂದು ಸೇರಿಸದಿದ್ದರೆ ವಂಶವೃಕ್ಷವೇ ತಪ್ಪುತ್ತದೆ. ಚಿಕ್ಕಪ್ಪ, ಸೋದರಮಾವ ಎಲ್ಲರನ್ನೂ ಬೇರೆ ಬೇರೆಯಾಗಿ ಕರೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಬಿಡಿ.

ಕೈಪಿಡಿಯವ:

ಯಂತ್ರ ಮತ್ತು ರಾಸಾಯನಿಕಗಳ ಭಾಗ ನನ್ನದು.

ಯಂತ್ರದ ಕೈಪಿಡಿಯಲ್ಲಿ ಮೊದಲು ನೋಡಬೇಕಾದ್ದು ಮುಖಪುಟ. ಯಂತ್ರ ನಿರ್ದೇಶನ 2006/42ರ ಪ್ರಕಾರ ತಯಾರಕರು ಹೊಣೆ ಹೊತ್ತ ಆವೃತ್ತಿಯ ಮೇಲೆ ‘ಮೂಲ ಬಳಕೆ ಸೂಚನೆ’ ಎಂದೂ, ಬೇರೆ ಭಾಷೆಯದರ ಮೇಲೆ ‘ಮೂಲ ಬಳಕೆ ಸೂಚನೆಯ ಅನುವಾದ’ ಎಂದೂ ಇರಬೇಕು. ಸ್ವೀಡಿಷ್ ಮುಖಪುಟದ ‘ಬ್ರೂಕ್ಸ್‌ಆನ್‌ವೀಸ್ನಿಂಗ್ ಇ ಒರಿಗಿನಾಲ್’ ಎಂಬುದನ್ನು ಜರ್ಮನ್‌ನಲ್ಲಿ ‘ಒರಿಗಿನಾಲ್‌ಬೆಟ್ರೀಬ್ಸ್‌ಆನ್‌ಲೈಟುಂಗ್’ ಎಂದು ನೆಟ್ಟಗೆ ಅನುವಾದಿಸಿದರೆ ನಿಮ್ಮ ಅನುವಾದವೇ ಮೂಲ ಎಂದು ಸಾರಿದ ಹಾಗೆ. ಇದೊಂದು ಕಡೆ ಪದಕ್ಕೆ ಪದ ಸರಿಯಾದದ್ದೇ ತಪ್ಪು. ನಿರ್ದೇಶನದ ಜಾಗಕ್ಕೆ 2023/1230 ನಿಯಮ 2027ರ ಜನವರಿ 20ರಿಂದ ಬರುತ್ತದೆ, ಕೈಪಿಡಿಯಲ್ಲಿ ಯಾವುದನ್ನು ಉಲ್ಲೇಖಿಸಿದ್ದಾರೆ ಎಂಬುದನ್ನೂ ನೋಡಿ.

ಎಚ್ಚರಿಕೆಯ ಪದಗಳಲ್ಲಿ ಅನುಭವಿಗಳೂ ಬೀಳುವ ಗುಂಡಿ ಒಂದಿದೆ. ಕೈಪಿಡಿಯಲ್ಲಿ ಅಪಾಯದ ಮಟ್ಟಗಳಿಗೆ ಜರ್ಮನ್‌ನಲ್ಲಿ ‘ಗೆಫಾರ್’, ‘ವಾರ್ನುಂಗ್’, ‘ಫೋರ್‌ಝಿಖ್ಟ್’ (ಅಪಾಯ, ಎಚ್ಚರಿಕೆ, ಜಾಗ್ರತೆ) ಎಂಬ ಇಳಿಕೆ ಕ್ರಮ ಇದೆ. ಸ್ವೀಡಿಷ್‌ನಲ್ಲಿ ‘ಫಾರಾ’, ‘ವಾರ್ನಿಂಗ್’, ಮೂರನೆಯದಕ್ಕೆ ಕಂಪನಿಗೊಂದು ಪದ. ಇಲ್ಲಿ ವಾರ್ನಿಂಗ್‌ಗೆ ವಾರ್ನುಂಗ್ ಸರಿ. ಆದರೆ ಅದೇ ಯಂತ್ರದ ಜೊತೆ ಬರುವ ಶುಚಿಕಾರಕ ದ್ರವದ ಲೇಬಲ್ ತೆಗೆದುಕೊಳ್ಳಿ. ರಾಸಾಯನಿಕಗಳ ವರ್ಗೀಕರಣ ನಿಯಮ 1272/2008ರಲ್ಲಿ ಸಂಕೇತಪದ ಎರಡೇ: ಸ್ವೀಡಿಷ್‌ನಲ್ಲಿ ಫಾರಾ ಮತ್ತು ವಾರ್ನಿಂಗ್, ಜರ್ಮನ್‌ನಲ್ಲಿ ಗೆಫಾರ್ ಮತ್ತು ‘ಆಖ್ಟುಂಗ್’. ಅಂದರೆ ಲೇಬಲ್ ಮೇಲಿನ ವಾರ್ನಿಂಗ್ ಜರ್ಮನ್‌ನಲ್ಲಿ ಆಖ್ಟುಂಗ್ ಆಗಬೇಕು, ವಾರ್ನುಂಗ್ ಅಲ್ಲ. ಟ್ರಾನ್ಸ್‌ಲೇಷನ್ ಮೆಮೊರಿ (ಹಿಂದೆ ಅನುವಾದಿಸಿದ ವಾಕ್ಯಗಳನ್ನು ಜೋಡಿಯಾಗಿ ಉಳಿಸಿಡುವ ಸಂಗ್ರಹ) ಒಂದೇ ಇಟ್ಟುಕೊಂಡರೆ ಕೈಪಿಡಿಯ ಜೋಡಿ ತಾನಾಗಿ ಲೇಬಲ್‌ಗೆ ನುಗ್ಗುತ್ತದೆ, ನೂರಕ್ಕೆ ನೂರು ಹೊಂದಿಕೆ ಎಂದು ಹಸಿರು ಬೇರೆ ತೋರಿಸುತ್ತದೆ. ಎರಡಕ್ಕೂ ಬೇರೆ ಬೇರೆ ಮೆಮೊರಿ ಇಡಿ.

‘ಎಚ್’ ಮತ್ತು ‘ಪಿ’ ಸಂಖ್ಯೆಯ ವಾಕ್ಯಗಳನ್ನು, ಅಂದರೆ ಲೇಬಲ್ ಮೇಲಿನ ಅಪಾಯ ಮತ್ತು ಮುನ್ನೆಚ್ಚರಿಕೆಯ ವಾಕ್ಯಗಳನ್ನು, ಅನುವಾದಿಸಲೇಬೇಡಿ. ಆ ನಿಯಮದ 3 ಮತ್ತು 4ನೇ ಅನುಬಂಧಗಳಲ್ಲಿ ಒಕ್ಕೂಟದ ಎಲ್ಲ ಭಾಷೆಗಳಲ್ಲೂ ಅಚ್ಚಾದ ರೂಪ ಇದೆ, ನಕಲು ಮಾಡಿ ಹಾಕುವುದಷ್ಟೇ ಕೆಲಸ. ನಿಮ್ಮ ವಾಕ್ಯ ಎಷ್ಟೇ ಸೊಗಸಾಗಿದ್ದರೂ ತಪ್ಪೇ. ಸೇಫ್ಟಿ ಡೇಟಾ ಶೀಟಿನ 16 ವಿಭಾಗಗಳ ಶೀರ್ಷಿಕೆಗಳೂ ಹಾಗೆಯೇ.

ಸಂಖ್ಯೆಗಳು: ಸ್ವೀಡಿಷ್‌ನಲ್ಲಿ ಸಾವಿರದ ಜಾಗದಲ್ಲಿ ಖಾಲಿ, ಜರ್ಮನ್‌ನಲ್ಲಿ ಸಾಮಾನ್ಯವಾಗಿ ಚುಕ್ಕೆ, ದಶಮಾಂಶಕ್ಕೆ ಎರಡರಲ್ಲೂ ಅಲ್ಪವಿರಾಮ. ಮೂಲದಲ್ಲಿ ಸಾಮಾನ್ಯ ಖಾಲಿ ಜಾಗ ಬಳಸಿ 12 500 ಎಂದು ಟೈಪ್ ಮಾಡಿದ್ದರೆ ಕೆಲವು ಸಾಫ್ಟ್‌ವೇರ್‌ಗಳು ಅದನ್ನು 12 ಮತ್ತು 500 ಎಂಬ ಎರಡು ಸಂಖ್ಯೆಗಳಾಗಿ ಓದುತ್ತವೆ. ಗುಣಮಟ್ಟ ಪರೀಕ್ಷೆಯಲ್ಲಿ ಸುಳ್ಳು ದೂರುಗಳ ರಾಶಿ ಬಂದು, ನಿಜವಾದ ತಪ್ಪು ಅದರಡಿ ಮುಚ್ಚಿಹೋಗುತ್ತದೆ. ಕೆಲಸ ಶುರು ಮಾಡುವ ಮುಂಚೆ ಮೂಲದಲ್ಲಿ ಅಂಕಿ, ಖಾಲಿ, ಮೂರಂಕಿ ಎಂಬ ವಿನ್ಯಾಸ ಹುಡುಕಿ ಒಡೆಯದ ಖಾಲಿಯಾಗಿ ಬದಲಿಸಿಕೊಳ್ಳಿ. ಆದರೆ ಕೋಷ್ಟಕಗಳಲ್ಲಿ ಒಂದೊಂದನ್ನೂ ನೋಡಿಯೇ ಬದಲಿಸಿ, ಅಲ್ಲಿ ಪಕ್ಕಪಕ್ಕದ ಎರಡು ಸಂಖ್ಯೆಗಳು ನಿಜವಾಗಿಯೂ ಎರಡಾಗಿರಬಹುದು.

ಸ್ವೀಡಿಷ್ ‘ಮೀಲ್’ ಅಂದರೆ 10 ಕಿಲೋಮೀಟರ್. ಮೈಲಿ ಅಲ್ಲ. ಹಳೆಯ ಕಾರಿನ ಕಾಗದದಲ್ಲಿ 18 000 ಮೀಲ್ ಎಂದಿದ್ದರೆ ಗಾಡಿ ಓಡಿದ್ದು 1,80,000 ಕಿಲೋಮೀಟರ್. ಇಂಧನವನ್ನೂ ಮೀಲ್‌ಗೆ ಇಷ್ಟು ಲೀಟರ್ ಎಂದು ಬರೆಯುತ್ತಾರೆ: ಮೀಲ್‌ಗೆ 0,6 ಲೀಟರ್ ಅಂದರೆ ಜರ್ಮನ್ ರೂಢಿಯಲ್ಲಿ 100 ಕಿಲೋಮೀಟರಿಗೆ 6 ಲೀಟರ್. ಯಂತ್ರಾನುವಾದ ಇಲ್ಲಿ ಇಂಗ್ಲಿಷ್ ಮೂಲಕ ಹಾದು ಬಂದಿದ್ದರೆ ಮೈಲಿ ಆಗಿರುವ ಸಾಧ್ಯತೆ ಇದೆ. ಬೇರೆಯವರ ಕರಡು ತಿದ್ದುವಾಗ ನಾನು ಮೊದಲು ಹುಡುಕುವ ಪದವೇ ಇದು.

ಸ್ವೀಡನ್ನಿನ ವೈಯಕ್ತಿಕ ಗುರುತು ಸಂಖ್ಯೆಯನ್ನು ಮುಟ್ಟಬೇಡಿ. ಮೊದಲ ಆರು ಅಂಕಿ ಹುಟ್ಟಿದ ವರ್ಷ, ತಿಂಗಳು, ದಿನ. ಆಮೇಲೆ ಅಡ್ಡಗೆರೆ, ನಾಲ್ಕು ಅಂಕಿ. ನೂರು ತುಂಬುವ ವರ್ಷದಿಂದ ಅಡ್ಡಗೆರೆಯ ಬದಲು ಕೂಡುವ ಚಿಹ್ನೆ ಬರುತ್ತದೆ, ಅದು ಮುದ್ರಣದೋಷ ಅಲ್ಲ. ದಿನದ ಜಾಗದಲ್ಲಿ 73 ಇದ್ದರೂ ದೋಷ ಅಲ್ಲ. ಸ್ವೀಡನ್ನಿನಲ್ಲಿ ನಿವಾಸಿಯಾಗಿ ನೋಂದಣಿ ಆಗದವರಿಗೆ ಕೊಡುವ ಸಮನ್ವಯ ಸಂಖ್ಯೆಯಲ್ಲಿ ದಿನಕ್ಕೆ 60 ಕೂಡಿಸಿರುತ್ತಾರೆ, 13ನೇ ತಾರೀಕು 73 ಆಗುತ್ತದೆ.

ಎರಡುನುಡಿ:

ಎಲ್ಲರಿಗೂ ಧನ್ಯವಾದ. ವಾರ್ನಿಂಗ್ ವಿಷಯ ನೋಡಿ ಹಳೆಯ ಕಡತಗಳನ್ನು ತೆರೆಯಲೇ ಭಯವಾಗುತ್ತಿದೆ. ದುಭಾಷಿ ಕೆಲಸದ ಬಗ್ಗೆ ಯಾರಾದರೂ ಹೇಳುತ್ತೀರಾ? ಕೋರ್ಟು ಮತ್ತು ಸಮ್ಮೇಳನ ಎರಡೂ.

ಬೂತಿನೊಳಗೆ:

ಕೋರ್ಟಿನಿಂದ ಶುರು ಮಾಡುತ್ತೇನೆ. ಕ್ರಿಮಿನಲ್ ಪ್ರಕರಣದಲ್ಲಿ ಆರೋಪಿಗೆ ದುಭಾಷಿ ಒದಗಿಸುವುದು ಒಕ್ಕೂಟದ 2010/64 ನಿರ್ದೇಶನದಂತೆ ಎರಡೂ ದೇಶಗಳ ಹೊಣೆ. ಸ್ವೀಡನ್ನಿನಲ್ಲಿ ಮಾನ್ಯತೆ ಪಡೆದ ದುಭಾಷಿಯಾದ ಮೇಲೆ ‘ರೆಟ್ಸ್‌ಟೋಲ್ಕ್’, ಅಂದರೆ ಕೋರ್ಟ್ ದುಭಾಷಿ ಎಂಬ ವಿಶೇಷ ಅರ್ಹತೆಯ ಪರೀಕ್ಷೆ ಬೇರೆ ಇದೆ. ಆಸ್ಪತ್ರೆ ಕೆಲಸಕ್ಕೂ ಅಂಥದ್ದೇ ಇನ್ನೊಂದು. ಜರ್ಮನಿಯಲ್ಲಿ ಪ್ರತಿ ವಿಚಾರಣೆಯಲ್ಲೂ ಒಂದೋ ಪ್ರಮಾಣ ಸ್ವೀಕರಿಸಬೇಕು, ಇಲ್ಲವೇ ಹಿಂದೆ ಸ್ವೀಕರಿಸಿದ ಸಾಮಾನ್ಯ ಪ್ರಮಾಣವನ್ನು ಉಲ್ಲೇಖಿಸಬೇಕು. ಇದು ನಡಾವಳಿಯಲ್ಲಿ ದಾಖಲಾಗುವಂತೆ ನೀವೇ ನೋಡಿಕೊಳ್ಳಿ. ನ್ಯಾಯಾಧೀಶರು ಅವಸರದಲ್ಲಿ ಮರೆತರೆ ಆಮೇಲೆ ಅದೇ ಮೇಲ್ಮನವಿಗೆ ಕಾರಣವಾಗಬಹುದು. ಸಂಭಾವನೆ ಶುಲ್ಕ ಕಾಯ್ದೆಯಂತೆ: 2021ರಲ್ಲಿ ಗಂಟೆಗೆ 85 ಯೂರೊ ಎಂದಾಯಿತು, ಆಮೇಲೆ ಪರಿಷ್ಕರಣೆ ಆಗಿದೆ, ಬಿಲ್ ಮಾಡುವ ದಿನದ ದರ ನೋಡಿ. ಪ್ರಯಾಣ, ಕಾಯುವ ಹೊತ್ತು ಇವಕ್ಕೂ ಅದರಲ್ಲಿ ಲೆಕ್ಕ ಇದೆ. ಗಡಿ ದಾಟಿ ಹೋಗುವುದಾದರೆ ಒಂದೇ ದಿನದ ಕೆಲಸವಾದರೂ ಸಾಮಾಜಿಕ ವಿಮೆಯ ‘ಎ1’ ಪತ್ರ ಜೇಬಿನಲ್ಲಿರಲಿ.

ಪದಗಳಲ್ಲಿ ಅತಿ ಹೆಚ್ಚು ತೊಂದರೆ ಕೊಡುವುದು ಬಂಧನದ ಮೂರು ಹಂತ. ಸ್ವೀಡನ್ನಿನಲ್ಲಿ ಪೊಲೀಸರು ಹಿಡಿದರೆ ‘ಗ್ರೀಪೆನ್’. ಪ್ರಾಸಿಕ್ಯೂಟರ್ ಆದೇಶದ ಮೇಲೆ ಇಟ್ಟುಕೊಂಡರೆ ‘ಆನ್‌ಹೊಲ್ಲೆನ್’. ಕೋರ್ಟು ಆದೇಶಿಸಿದರೆ ‘ಹೆಕ್ತಾದ್’. ಆನ್‌ಹೊಲ್ಲೆನ್ ಆದ ಮೇಲೆ ಮೂರನೇ ದಿನದ ಮಧ್ಯಾಹ್ನ 12ರೊಳಗೆ ಪ್ರಾಸಿಕ್ಯೂಟರ್ ಕೋರ್ಟಿಗೆ ಅರ್ಜಿ ಹಾಕಬೇಕು, ಹಿಡಿದ 4 ದಿನದೊಳಗೆ ವಿಚಾರಣೆ ಆಗಬೇಕು. ಜರ್ಮನಿಯಲ್ಲಿ ತಾತ್ಕಾಲಿಕವಾಗಿ ಹಿಡಿದವರನ್ನು ಮರುದಿನ ಮುಗಿಯುವುದರೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಪ್ರಾಸಿಕ್ಯೂಟರ್ ತಾವೇ ದಿನಗಟ್ಟಲೆ ಇಟ್ಟುಕೊಳ್ಳುವ ಮಧ್ಯದ ಹಂತ ಅಲ್ಲಿಲ್ಲ. ಆದ್ದರಿಂದ ಆನ್‌ಹೊಲ್ಲೆನ್‌ಗೆ ಜರ್ಮನ್‌ನಲ್ಲಿ ‘ಫೆರ್‌ಹಾಫ್ಟೆಟ್’ ಎಂದರೆ, ನ್ಯಾಯಾಧೀಶರ ಆದೇಶ ಆಗಲೇ ಬಂದಿದೆ ಎಂದು ಜರ್ಮನ್ ಆರೋಪಿಯೂ ಅವನ ವಕೀಲರೂ ತಿಳಿಯುತ್ತಾರೆ. ‘ಪ್ರಾಸಿಕ್ಯೂಟರ್ ಆದೇಶದಿಂದ ತಾತ್ಕಾಲಿಕವಾಗಿ ಬಂಧಿತ’ ಎಂದೇ ಹೇಳಿ, ಉದ್ದವಾದರೂ ಪರವಾಗಿಲ್ಲ. ಹೆಕ್ತಾದ್‌ಗೆ ಮಾತ್ರ ‘ಉಂಟರ್‌ಝೂಖುಂಗ್ಸ್‌ಹಾಫ್ಟ್’ (ವಿಚಾರಣೆಗಾಗಿ ಕೋರ್ಟು ಆದೇಶಿಸಿದ ಬಂಧನ) ನೆಟ್ಟಗೆ ಕೂರುತ್ತದೆ.

ಏಕವಚನ–ಬಹುವಚನ ಇನ್ನೊಂದು. ಸ್ವೀಡನ್ನಿನಲ್ಲಿ ಎಲ್ಲರೂ ಎಲ್ಲರನ್ನೂ ‘ದ್ಯೂ’ ಎನ್ನುತ್ತಾರೆ, ಸಾಕ್ಷಿ ನ್ಯಾಯಾಧೀಶರನ್ನೂ ಹಾಗೇ ಮಾತಾಡಿಸಬಹುದು, ಅದು ಅಗೌರವ ಅಲ್ಲ. ಅದನ್ನು ಜರ್ಮನ್‌ಗೆ ‘ದು’ ಎಂದು ತಂದರೆ ಕೊಠಡಿಯಲ್ಲಿ ಎಲ್ಲರೂ ತಲೆ ಎತ್ತುತ್ತಾರೆ. ದುಭಾಷಿ ಗೌರವದ ‘ಝೀ’ ಎನ್ನಬೇಕು. ಆದರೆ ಆರೋಪಿ ಜರ್ಮನ್‌ನಲ್ಲಿ ಪೊಲೀಸರಿಗೆ ಬೇಕೆಂದೇ ‘ದು’ ಎಂದಿದ್ದರೆ? ಜರ್ಮನಿಯಲ್ಲಿ ಅದೇ ಅವಮಾನದ ದೂರಿನ ವಿಷಯ ಆಗಬಹುದು, ಸ್ವೀಡಿಷ್‌ನಲ್ಲಿ ಅದು ಕಾಣಿಸದೆ ಕರಗಿಹೋಗುತ್ತದೆ. ಆಗ ದುಭಾಷಿ ತನ್ನ ಮಾತೆಂದು ಸ್ಪಷ್ಟವಾಗಿ ಹೇಳಿ, ಮೂಲದಲ್ಲಿ ಏಕವಚನ ಇತ್ತು ಎಂದು ಕೋರ್ಟಿಗೆ ತಿಳಿಸಬೇಕು. ‘ದುಭಾಷಿ ಹೇಳುತ್ತಿರುವುದು’ ಎಂದು ಪ್ರಥಮ ಪುರುಷದಲ್ಲೇ ಶುರು ಮಾಡಿ, ಏಕೆಂದರೆ ‘ನಾನು’ ಅಂದರೆ ಅದು ಆರೋಪಿ.

ಸಮ್ಮೇಳನಕ್ಕೆ ಬರೋಣ. ಬೂತಿನಲ್ಲಿ (ಭಾಷಣ ನಡೆಯುತ್ತಿರುವಾಗಲೇ ಮೈಕಿನಲ್ಲಿ ಅನುವಾದಿಸಿ ಹೇಳುವ ಪುಟ್ಟ ಕೋಣೆ) ಒಂದು ಭಾಷೆಗೆ ಕನಿಷ್ಠ ಇಬ್ಬರು, 20ರಿಂದ 30 ನಿಮಿಷಕ್ಕೊಮ್ಮೆ ಅದಲುಬದಲು. ಒಬ್ಬರೇ ಸಾಕು ಎನ್ನುವ ಗ್ರಾಹಕರಿಗೆ ಇಲ್ಲ ಎಂದುಬಿಡಿ. ಅರ್ಧ ಗಂಟೆ ಕಳೆದ ಮೇಲೆ ತಪ್ಪುಗಳು ಹೆಚ್ಚುತ್ತವೆ, ಹೆಚ್ಚುತ್ತಿರುವುದು ಮಾತಾಡುವವರಿಗೇ ಗೊತ್ತಾಗುವುದಿಲ್ಲ. ಸುಮ್ಮನಿರುವ ಜೊತೆಗಾರರು ಸುಮ್ಮನಿರುವುದಿಲ್ಲ, ಅಂಕಿ ಮತ್ತು ಹೆಸರುಗಳನ್ನು ಬರೆದು ಕಣ್ಣ ಮುಂದೆ ಹಿಡಿಯುತ್ತಾರೆ.

ನಿಮ್ಮ ‘ಅಕ್ಕಪಕ್ಕದ ಭಾಷೆ’ ಪ್ರಶ್ನೆಗೆ ಉತ್ತರ ಇಲ್ಲಿದೆ. ಜರ್ಮನ್ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಯಲ್ಲಿ, ಸ್ವೀಡಿಷ್‌ನಲ್ಲಿ ಕರ್ತೃವಿನ ಬೆನ್ನಿಗೇ, ಹೆಚ್ಚೆಂದರೆ ನಡುವೆ ‘ಇಲ್ಲ’ ಎಂಬಂಥ ಒಂದೆರಡು ಸಣ್ಣ ಪದ ಬರುತ್ತದೆ. ‘ಆಯೋಗವು ಕಳೆದ ವರ್ಷ ಮಂಡಿಸಿದ ಪ್ರಸ್ತಾವವನ್ನು ಸಂಸತ್ತಿನ ಬಹುಮತದ ವಿರೋಧದ ನಡುವೆಯೂ’ ಎಂದು ಜರ್ಮನ್ ಭಾಷಣಕಾರರು ಎಳೆಯುತ್ತ ಹೋಗುತ್ತಾರೆ. ಒಪ್ಪಿತೋ ಹಿಂತೆಗೆದುಕೊಂಡಿತೋ ಎಂಬುದು ಕೊನೆಗೇ ಗೊತ್ತಾಗುವುದು. ಕನ್ನಡದವರಿಗೆ ಕಿವಿಗೆ ಇದು ಸಹಜ, ಕಾಯುವ ಅಭ್ಯಾಸ ಇದೆ. ಆದರೆ ಬಾಯಿ ಸ್ವೀಡಿಷ್‌ನಲ್ಲಿ ಕಾಯಲಾಗದು. ಎರಡು ಉಪಾಯ. ಒಂದು, ಸಿಕ್ಕಿದ್ದನ್ನು ಪುಟ್ಟ ಸ್ವತಂತ್ರ ವಾಕ್ಯಗಳಾಗಿ ತುಂಡರಿಸಿ ಕೊಡುವುದು: ‘ಕಳೆದ ವರ್ಷ ಆಯೋಗ ಪ್ರಸ್ತಾವ ಮಂಡಿಸಿತ್ತು. ಸಂಸತ್ತಿನ ಬಹುಮತ ವಿರೋಧಿಸಿತು. ಆದರೂ…’ ಅಷ್ಟರಲ್ಲಿ ಕ್ರಿಯಾಪದ ಬಂದಿರುತ್ತದೆ. ಇನ್ನೊಂದು, ‘ಈ ಪ್ರಸ್ತಾವದ ವಿಷಯದಲ್ಲಿ’ ಎಂಬಂಥ ತಟಸ್ಥ ಆರಂಭ ಕೊಟ್ಟು ಸಮಯ ಗಳಿಸುವುದು. ಕ್ರಿಯಾಪದವನ್ನು ಮೊದಲೇ ಊಹಿಸುವವರೂ ಇದ್ದಾರೆ. ದಾಖಲೆ ಓದಿದ್ದರೆ ಮಾತ್ರ ಅದು ಕ್ಷೇಮ. ಸ್ವೀಡಿಷ್‌ನಿಂದ ಜರ್ಮನ್‌ಗೆ ಹೋಗುವಾಗ ಕ್ರಿಯಾಪದ ಬೇಗ ಸಿಗುತ್ತದೆ, ಆದರೆ ಅದನ್ನು ತಲೆಯಲ್ಲಿಟ್ಟುಕೊಂಡು ಕೊನೆಗೆ ಮರೆಯದೇ ಹೇಳಬೇಕು. ಎರಡು ದಿಕ್ಕಿನ ದಣಿವೂ ಬೇರೆ ಬೇರೆ ಥರ.

ತಯಾರಿಗೆ: ಸ್ವೀಡಿಷ್ 1995ರಿಂದ ಒಕ್ಕೂಟದ ಅಧಿಕೃತ ಭಾಷೆ. ಆದ್ದರಿಂದ ಆ ವರ್ಷದಿಂದೀಚಿನ ಕಾನೂನು ಪಠ್ಯಗಳನ್ನು ‘ಯೂರ್‌–ಲೆಕ್ಸ್’ ತಾಣದಲ್ಲಿ ಸ್ವೀಡಿಷ್, ಜರ್ಮನ್ ಪಕ್ಕಪಕ್ಕ ಇಟ್ಟು ಓದಬಹುದು. ಪದಗಳಿಗೆ ಒಕ್ಕೂಟದ ‘ಇಯಾಟೆ’ ಪದಕೋಶ, ಸ್ವೀಡನ್ನಿನೊಳಗಿನ ಪರಿಭಾಷೆಗೆ ‘ರಿಕ್ಸ್‌ಟರ್ಮ್‌ಬ್ಯಾಂಕೆನ್’. ಆದರೆ ಒಕ್ಕೂಟದ ಪದ ಬೇರೆ, ದೇಶದ ಕೋರ್ಟಿನ ಪದ ಬೇರೆ. ಇಯಾಟೆಯಲ್ಲಿ ಸಿಕ್ಕಿದ್ದನ್ನು ಜಿಲ್ಲಾ ನ್ಯಾಯಾಲಯದಲ್ಲಿ ಹಾಗೇ ಬಳಸಬೇಡಿ.

ಕಿಟಕಿಸೀಟು:

ಬೂಸ್ತಾಡ್ಸ್‌ರೆತ್ ವಿಷಯ ಒಪ್ಪಿದೆ. ಒಂದು ಸಣ್ಣ ಸಂಶಯ: ಗ್ರಾಹಕರು ಸ್ಕ್ಯಾನ್ ಮಾತ್ರ ಕಳಿಸಿ, ದೃಢೀಕರಣದಲ್ಲಿ ‘ಮೂಲದಿಂದ’ ಎಂದು ಬರೆಯಿರಿ, ಮೂಲ ಆಮೇಲೆ ತೋರಿಸುತ್ತೇವೆ ಅಂದರೆ?

ಮುದ್ರೆಗಂಟು:

ಬರೆಯಬೇಡಿ. ಸ್ಕ್ಯಾನ್ ನೋಡಿ ಅನುವಾದ ಮುಗಿಸಿ, ಮುದ್ರೆ ಒತ್ತದೆ ಇಟ್ಟುಕೊಳ್ಳಿ. ಮೂಲ ಕೈಗೆ ಬಂದ ದಿನ ಸಾಲು ಸಾಲು ತಾಳೆ ನೋಡಿ, ಹಿಂಬದಿಯನ್ನೂ ತಿರುಗಿಸಿ ನೋಡಿ (ಸ್ಕ್ಯಾನ್ ಮಾಡುವವರು ಹಿಂಬದಿ ಬಿಡುತ್ತಾರೆ, ಸ್ಟ್ಯಾಂಪು ಇರುವುದು ಅಲ್ಲೇ), ಆಮೇಲೆ ಆ ದಿನದ ತಾರೀಕು ಹಾಕಿ ಸಹಿ ಮಾಡಿ. ತಡೆಯಲಾಗದು ಎಂದರೆ ‘ಸ್ಕ್ಯಾನ್ ಪ್ರತಿಯಿಂದ’ ಎಂದು ಬರೆದು ಕೊಡಿ. ಎಷ್ಟೋ ಕಚೇರಿಗಳಿಗೆ ಅದೇ ಸಾಕಾಗುತ್ತದೆ, ಸಾಕಾಗದಿದ್ದರೆ ಮೂಲ ತೋರಿಸಿದ ಮೇಲೆ ಎರಡನೇ ಪ್ರತಿ ಮಾಡಿಕೊಡಿ. ಆ ಎರಡನೇ ಪ್ರತಿಯ ಶುಲ್ಕವನ್ನು ಮೊದಲೇ ಹೇಳಿರಿ.